ಡ್ರೈವಿಂಗ್ ಭಯಕ್ಕೆ ಪ್ರಶ್ನೆ ಇಡಿಸಲು ಹೊರಟವರೇ, ಮೊದಲು ಇದನ್ನು ಓದಿ

ಕಾರು ಓಡಿಸಲು ಹೆದರಿಕೆ, ಸ್ಕೂಟರ್ ಹತ್ತಿದರೆ ಕೈಕಾಲು ನಡುಕ ಎಂದು ಮನೆಯವರು ನಿಮ್ಮನ್ನು ಪ್ರಶ್ನೆ ಇಡಿಸಲು, ಅಂದರೆ ಕವಡೆ ಹಾಕಿಸಿ ಕಾರಣ ಕೇಳಲು, ಜ್ಯೋತಿಷಿಯ ಬಳಿಗೆ ಕರೆದೊಯ್ಯಲು ಹೊರಟಿದ್ದಾರೆಯೇ? ಅದರಲ್ಲಿಯೂ ನಿಮಗೋ ನಿಮ್ಮ ಮಕ್ಕಳಿಗೋ ಆಟಿಸಂ ಇದೆಯೇ? ಹಾಗಿದ್ದರೆ ಮನೆಯಿಂದ ಹೊರಡುವ ಮುನ್ನ ಇದನ್ನು ಓದಿ. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಖಂಡಿತ ಓದಿ. ನಾನು ಹೋಗಿ ಮೋಸಹೋದ ಜ್ಯೋತಿಷಿಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ನನ್ನ ಮೇಲೆಯೇ ಕೇಸು ಹಾಕುವ ಪೈಕಿ. ಆದರೆ ಅವರ ಬಳಿಗೆ ಹೋಗಿ ಬಂದವರಿಗೆ ನಾಲ್ಕು ಸಾಲು ಓದಿದರೆ ಗುರುತು ಸಿಗುತ್ತದೆ.

ನನ್ನ ಹೆದರಿಕೆ ಎಂಥದ್ದು ಎಂದು ಮೊದಲು ಹೇಳಬೇಕು, ಏಕೆಂದರೆ ಅದನ್ನೇ ಅವರು ಬಂಡವಾಳ ಮಾಡಿಕೊಂಡದ್ದು. ನನಗೆ ಲೈಸೆನ್ಸ್ ಇದೆ. ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿ ನೆಟ್ಟ ಕಂಬಿಗಳ ನಡುವೆ ಕಾರು ಓಡಿಸುವ ಪರೀಕ್ಷೆಯಲ್ಲಿ ಒಂದು ಕಂಬಿಯನ್ನೂ ಮುಟ್ಟದೆ ಪಾಸಾದವಳು ನಾನು. ಮೈದಾನದಲ್ಲಿ ಕಂಬಿಗಳು ನೆಟ್ಟಲ್ಲಿಯೇ ಇರುತ್ತವೆ, ಹಿಂದಿನಿಂದ ಯಾರೂ ಹಾರ್ನ್ ಹೊಡೆಯುವುದಿಲ್ಲ. ಕಷ್ಟವೆಲ್ಲ ರಸ್ತೆಯಲ್ಲಿ. ಹೆದ್ದಾರಿಯ ಆರು ಪಥದ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಚೆರ್ಕಳದಲ್ಲಿ ಇವತ್ತು ಇದ್ದ ತಿರುವು ನಾಳೆ ಇರುತ್ತಿರಲಿಲ್ಲ. ಬೆನ್ನಿಗೆ ಅಂಟಿಕೊಂಡು ಬರುವ ಬಸ್ಸಿನ ಏರ್ ಹಾರ್ನ್, ಎಡಗಡೆಯಿಂದ ನುಗ್ಗುವ ಬೈಕು, ಕನ್ನಡಿಯಲ್ಲಿ ಬಿಸಿಲು, ಪಕ್ಕದಲ್ಲಿ ಕುಳಿತವರ ‘ಹೋಗು ಹೋಗು’ ಎಂಬ ಕೂಗು, ಎಲ್ಲವೂ ಒಂದೇ ಗಳಿಗೆಯಲ್ಲಿ ಒಂದೇ ಗಾತ್ರದಲ್ಲಿ ತಲೆಯೊಳಗೆ ಬಂದು ಬೀಳುತ್ತವೆ. ಯಾವುದು ಮುಖ್ಯ, ಯಾವುದನ್ನು ಬಿಡಬೇಕು ಎಂದು ವಿಂಗಡಿಸಲು ಆಗುವುದಿಲ್ಲ. ಕೈ ಸ್ಟಿಯರಿಂಗಿನ ಮೇಲೆಯೇ ಇರುತ್ತದೆ, ಕಾಲು ಕ್ಲಚ್ಚಿನ ಮೇಲೆಯೇ ಇರುತ್ತದೆ, ನಾನು ಮಾತ್ರ ಅಲ್ಲಿರುವುದಿಲ್ಲ.

ಇದಕ್ಕೆ ಹೆಸರು ಸಿಕ್ಕಿದ್ದು ಮಂಗಳೂರಿನಲ್ಲಿ. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಅಮ್ಮನನ್ನೂ ಕೂರಿಸಿಕೊಂಡು, ನಾನು ಮಾತು ಕಲಿತದ್ದು ಯಾವಾಗ, ಶಾಲೆಯಲ್ಲಿ ಯಾರೊಡನೆ ಆಡುತ್ತಿದ್ದೆ, ಗರ್ನಾಲು ಪಟಾಕಿಯ ಸದ್ದಿಗೆ ಏನು ಮಾಡುತ್ತಿದ್ದೆ ಎಂದೆಲ್ಲ ಕೇಳಿ, ಆಮೇಲೆ ಆಟಿಸಂ ಎಂದರು. ಮೂವತ್ತು ದಾಟಿದ ಮೇಲೆ! ಮನೆಯಲ್ಲಿ ಯಾರೂ ನಂಬಲಿಲ್ಲ. ಆಟಿಸಂ ಎಂದರೆ ಮಾತು ಬಾರದ ಸಣ್ಣ ಮಕ್ಕಳಿಗೆ ಇರುವುದು ಎಂದೇ ಎಲ್ಲರ ಎಣಿಕೆ. ಮನಸ್ಸಿಗೆ ಸಂಬಂಧಿಸಿದ ತೊಂದರೆಗಳನ್ನು ಗುರುತಿಸಲು ವೈದ್ಯರು ಜಗತ್ತಿನಾದ್ಯಂತ ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲಿ ಶಬ್ದ, ಬೆಳಕು, ಸ್ಪರ್ಶಗಳಿಗೆ ವಿಪರೀತವಾಗಿ ಸ್ಪಂದಿಸುವುದನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದ್ದಾರೆ. ಅಂದರೆ ಏರ್ ಹಾರ್ನಿಗೆ ನಾನು ಮರಗಟ್ಟುವುದು ನನ್ನ ಸೋಗಲ್ಲ.

ಸೈಕಾಲಜಿಸ್ಟರ ಸಲಹೆಯಂತೆ ಹಂತ ಹಂತವಾಗಿ ಅಭ್ಯಾಸ ಶುರುವಾಗಿತ್ತು. ಮೊದಲು ಅಂಗಳದಲ್ಲಿ ಇಂಜಿನ್ ಚಾಲೂ ಮಾಡಿ ಸುಮ್ಮನೆ ಕುಳಿತುಕೊಳ್ಳುವುದು. ಆಮೇಲೆ ಗೇಟಿನ ತನಕ. ಆಮೇಲೆ ಬಸ್ಸುಗಳು ಹೊರಡುವ ಮೊದಲೇ ಎದ್ದು ನೀರ್ಚಾಲಿನ ತನಕ ಹೋಗಿ ತಿರುಗಿ ಬರುವುದು. ನೀರ್ಚಾಲು ಮುಟ್ಟಿದ್ದೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ನೀರ್ಚಾಲು ಮುಟ್ಟಿದ್ದೆ.

ಅಷ್ಟರಲ್ಲಿ ಚಿಕ್ಕಮ್ಮ ಬಂದರು. ‘ಒಮ್ಮೆ ಪ್ರಶ್ನೆ ಇಡಿಸಿ ನೋಡು ಅಕ್ಕಾ, ಕಳೆದುಕೊಳ್ಳುವುದಕ್ಕೆ ಏನಿದೆ’ ಎಂದು ಅಮ್ಮನ ಕಿವಿಗೆ ಹಾಕಿದರು. ನಮ್ಮಲ್ಲಿ ಪ್ರಶ್ನೆ ಇಡಿಸುವುದು ಹೊಸದೇನಲ್ಲ. ಜಾಗ ಕೊಳ್ಳುವಾಗ, ಮದುವೆ ತಡವಾದಾಗ ಯಾರು ಇಡಿಸುವುದಿಲ್ಲ? ಊರಿನ ಹಳೆಯ ಜೋಯಿಸರ ಕ್ರಮ ನಿಮಗೆಲ್ಲ ಗೊತ್ತು. ತಾಂಬೂಲದಲ್ಲಿ ಕೈಲಾದಷ್ಟು ದಕ್ಷಿಣೆ, ಅವರು ಮೊದಲು ಕೇಳುವುದು ನಕ್ಷತ್ರ, ಹೆಚ್ಚೆಂದರೆ ದೈವಕ್ಕೆ ಒಂದು ತಂಬಿಲ ಕೊಡಿ, ಮಧೂರು ಗಣಪತಿಯ ಬಳಿ ಹೋಗಿ ಅಪ್ಪ ಸೇವೆ ಮಾಡಿಸಿ ಎಂದು ಕಳುಹಿಸುತ್ತಾರೆ. ನಾವು ಹೋದ ಈ ಜ್ಯೋತಿಷಿಯ ಕ್ರಮವೇ ಬೇರೆ. ಮೊದಲು ವಾಟ್ಸಾಪಿನಲ್ಲಿ ಒಂದು ಅರ್ಜಿ ಬಂತು. ಆಧಾರ್ ಕಾರ್ಡಿನ ಫೋಟೊ ಕಳುಹಿಸಬೇಕಂತೆ, ಸಂಕಲ್ಪಕ್ಕೆ ಹೆಸರು ತಪ್ಪಬಾರದಂತೆ. ಹುಟ್ಟಿದ ಸಮಯ, ಊರು. ಕೊನೆಯಲ್ಲಿ ‘ಸಮಸ್ಯೆಯನ್ನು ವಿವರವಾಗಿ ಬರೆಯಿರಿ’. ವಿವರವಾಗಿ ಬರೆಯಿರಿ ಎಂದರೆ ನಾನು ವಿವರವಾಗಿಯೇ ಬರೆಯುವವಳು. ಹಾರ್ನು, ಬಿಸಿಲು, ಸಂತೆಯ ಗದ್ದಲ, ಎರಡು ಜನ ಒಟ್ಟಿಗೆ ಮಾತನಾಡಿದರೆ ಆಗುವ ಸಂಕಟ, ಎಲ್ಲವನ್ನೂ ಬರೆದೆ.

ಹೋದ ದಿನ ಅವರು ಕವಡೆಗಳ ಮೇಲೆ ಕೈಯಾಡಿಸಿ, ಲ್ಯಾಪ್‌ಟಾಪಿನ ಕಡೆಗೊಮ್ಮೆ ನೋಡಿ, ನಿಧಾನವಾಗಿ ಹೇಳತೊಡಗಿದರು. ‘ಈ ಮಗುವಿಗೆ ಗದ್ದಲ ಆಗುವುದಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ತಲೆ ಕೆಡುತ್ತದೆ.’ ಅಮ್ಮನ ಕಣ್ಣು ಅರಳಿತು. ನಾನು ಬರೆದು ಕಳುಹಿಸಿದ ವಾಕ್ಯಗಳು ಅವು, ಬರೆದ ಅನುಕ್ರಮದಲ್ಲಿಯೇ! ಒಂದೊಂದರ ಬಾಲಕ್ಕೆ ಒಂದೊಂದು ಗ್ರಹ ಕಟ್ಟಿದ್ದರು ಅಷ್ಟೇ. ನಾಲ್ಕನೆಯ ಮನೆ ವಾಹನಸ್ಥಾನ, ಅಲ್ಲಿ ರಾಹು ಕುಳಿತಿದ್ದಾನೆ, ಅದಕ್ಕೆ ಚಕ್ರ ಎಂದರೆ ಭಯ. ನಾಲ್ಕನೆಯದು ಮಾತೃಸ್ಥಾನವೂ ಹೌದು, ಅಂದರೆ ದೋಷ ತಾಯಿಯಿಂದ ಬಂದದ್ದು. ರಾಶಿ ಮೀನ, ಮೇಲಿನಿಂದ ಸಾಡೇಸಾತಿ.

ನಾನು ಯಾರ ಮುಖವನ್ನೂ ನೆಟ್ಟಗೆ ನೋಡುವುದಿಲ್ಲ, ಚೂಡಿದಾರದ ಶಾಲಿನ ಅಂಚನ್ನು ಸುರುಳಿ ಸುತ್ತುತ್ತಾ ಕುಳಿತಿರುತ್ತೇನೆ. ಹುಟ್ಟಾ ಅಭ್ಯಾಸ. ಅವರು ಅದನ್ನೂ ಬಿಡಲಿಲ್ಲ. ‘ನೋಡಿ ಅಮ್ಮ, ದೃಷ್ಟಿ ನಿಲ್ಲುತ್ತದೆಯೇ? ಕೈ ಸುಮ್ಮನಿದೆಯೇ? ಸರ್ಪ ಹೆಡೆ ಆಡಿಸುವುದು ಹೀಗೆಯೇ.’ ಒಬ್ಬ ಮನುಷ್ಯಳನ್ನು ಎದುರಿಗೆ ಕೂರಿಸಿಕೊಂಡು ಆಡುವ ಮಾತೇ ಇದು?

ಡಾಕ್ಟರು ಆಟಿಸಂ ಎಂದಿದ್ದಾರೆ ಎಂದು ಅಮ್ಮ ಮೆಲ್ಲಗೆ ಹೇಳಿದರು. ಅವರು ನಕ್ಕರು. ‘ಅದು ಡಾಕ್ಟರು ಹಣ ಮಾಡಲು ಇಟ್ಟ ಹೆಸರು. ಇದು ಸರ್ಪಶಾಪ. ನೀವು ಬಸುರಿಯಾಗಿದ್ದಾಗ ನಾಗಬನದ ಹತ್ತಿರ ಏನೋ ಕಡಿದಿದ್ದಾರೆ.’ ನಮ್ಮ ಕಡೆ ಯಾವ ತೋಟದ ಮೂಲೆಯಲ್ಲಿ ನಾಗಬನ ಇಲ್ಲ? ಯಾವ ವರ್ಷ ಒಂದು ಕೊಂಬೆಯನ್ನಾದರೂ ಕಡಿಯುವುದಿಲ್ಲ? ಅಮ್ಮನಿಗೆ ಕೂಡಲೇ ನೆನಪಾಯಿತು, ಆ ವರ್ಷ ಅಡಿಕೆ ತೋಟಕ್ಕೆ ನೆರಳು ಬೀಳುತ್ತದೆ ಎಂದು ಒಂದು ಮರ ಕಡಿಸಿದ್ದು. ಕೈಯಲ್ಲಿ ಹಿಡಿದಿದ್ದ ವೀಳ್ಯದೆಲೆಯ ತೊಟ್ಟನ್ನು ಚಿವುಟುತ್ತಲೇ ಇದ್ದರು, ಎಲೆ ಅರ್ಧ ಹರಿದುಹೋಗುವ ತನಕ. ಅಂದಿನಿಂದ ಇಂದಿನ ತನಕ ‘ನನ್ನಿಂದಲೇ ಆಯಿತು’ ಎಂಬುದು ಅವರ ಬಾಯಿಂದ ಹೋಗಿಲ್ಲ. ದುಡ್ಡಿಗಿಂತ ಹೆಚ್ಚು ನನ್ನನ್ನು ಉರಿಸುವುದು ಇದು. ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗುವುದಿಲ್ಲ. ಮರ ಕಡಿಸಿದ್ದು ಮಾತ್ರ ಹೋಗಿ ಕುಳಿತಿದೆ.

ಕೊನೆಯ ಮಾತು ನನಗೆ. ‘ವೃಶ್ಚಿಕ ಮಾಸ ಮುಗಿಯುವ ತನಕ ಸ್ಟಿಯರಿಂಗ್ ಮುಟ್ಟಬೇಡಿ ತಂಗೀ. ಮುಟ್ಟಿದರೆ ರಕ್ತ ಕಾಣುತ್ತದೆ. ಪರಿಹಾರ ಮುಗಿಯುವ ತನಕ ಆ ಕೌನ್ಸೆಲಿಂಗ್ ಕೂಡ ಬೇಡ, ಎರಡೂ ಒಟ್ಟಿಗೆ ಆಗದು.’

ರಕ್ತ ಕಾಣುತ್ತದೆ! ನನಗೆ ಅಪಘಾತದ ಭಯವೇ ಇರಲಿಲ್ಲ ಎಂದರೆ ನಂಬುತ್ತೀರಾ? ಇದ್ದದ್ದು ಗದ್ದಲದ ಭಯ, ನಡುರಸ್ತೆಯಲ್ಲಿ ಇಂಜಿನ್ ಬಂದ್ ಆಗುವ ಭಯ, ಜನ ಬೈಯುವ ಭಯ. ಸಾವಿನ ಭಯ ಇರಲಿಲ್ಲ. ಅದನ್ನು ಇವರು ಹೊಸದಾಗಿ ತಂದು, ತಿಂಗಳು ಸಮೇತ ತಲೆಯಲ್ಲಿ ಇಟ್ಟು ಕಳುಹಿಸಿದರು. ನೀರ್ಚಾಲು ಮುಟ್ಟಿದ್ದವಳು ಅಂಗಳದಲ್ಲಿ ಕಾರಿನ ಬಾಗಿಲು ತೆಗೆಯಲೂ ಆಗದೆ ನಿಂತುಬಿಟ್ಟೆ. ಒಂದು ಮಾತು ಕಿವಿಗೆ ಬಿದ್ದರೆ ಅದು ನನ್ನಲ್ಲಿ ಅಕ್ಷರಶಃ ಉಳಿಯುತ್ತದೆ. ‘ಸುಮ್ಮನೆ ಹೇಳಿದ್ದು, ಬಿಟ್ಟುಬಿಡು’ ಎಂದು ತಮ್ಮ ಹೇಳಿದರೆ ಬಿಡಲು ಬರುವುದಿಲ್ಲ.

ಪ್ರಶ್ನೆಗೆ 501. ಪರಿಹಾರಕ್ಕೆ, ಅಂದರೆ ಆಶ್ಲೇಷ ಬಲಿ, ರಾಹು ಶಾಂತಿ, ಒಂದು ರಕ್ಷೆ, ಎಲ್ಲ ಸೇರಿ 18,500. ಅರ್ಧಕ್ಕಿಂತ ಹೆಚ್ಚು, 10,000 ರೂಪಾಯಿ ಮುಂಗಡ, ಗೂಗಲ್ ಪೇಯಲ್ಲಿ. ಅಮ್ಮ ಅಡಿಕೆ ಮಾರಿದ ದುಡ್ಡಿನಿಂದ ಕೊಡಿಸಿದರು. ನಾವು ಬರಬೇಕಾಗಿಲ್ಲವಂತೆ, ಅವರೇ ಮಾಡಿಸಿ ಪ್ರಸಾದ ಕಳುಹಿಸುತ್ತಾರಂತೆ. ಬಂದದ್ದು ಒಂದು ಕುಂಕುಮದ ಪೊಟ್ಟಣ, ಒಂದು ಕಪ್ಪು ದಾರ. ಎಲ್ಲಿ ಮಾಡಿಸಿದರು, ಯಾವ ದಿನ ಮಾಡಿಸಿದರು, ಒಂದು ತುಂಡು ಕಾಗದ ಇಲ್ಲ. ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷ ಬಲಿ ಮಾಡಿಸಿದರೆ ಕೌಂಟರಿನಲ್ಲಿ ರಸೀದಿ ಹರಿದು ಕೈಗೆ ಕೊಡುತ್ತಾರೆ.

ಪೊಟ್ಟಣದ ಜೊತೆ ಜಾತಕದ ಕಂಪ್ಯೂಟರ್ ಪ್ರತಿಯೂ ಬಂದಿತ್ತು. ಅದನ್ನು ಓದುತ್ತಾ ಕುಳಿತಿದ್ದಾಗ ತಲೆಬರಹದ ಕೆಳಗಿನ ಜನ್ಮ ದಿನಾಂಕ ಕಣ್ಣಿಗೆ ಬಿತ್ತು. ಮೇ ತಿಂಗಳು. ನಾನು ಹುಟ್ಟಿದ್ದು ಮೇ ತಿಂಗಳಲ್ಲಿ ಅಲ್ಲ! ಅದರ ಮುಂದಿನ ಜನವರಿಯಲ್ಲಿ. ಶಾಲೆಗೆ ಬೇಗ ಸೇರಿಸಲು ಆಗ ಮೇ ಎಂದು ಬರೆಸಿದ್ದು, ಅದೇ ಎಸ್‌ಎಸ್‌ಎಲ್‌ಸಿ ಪುಸ್ತಕಕ್ಕೆ ಬಂತು, ಅದೇ ಆಧಾರಿಗೆ ಬಂತು. ನಮ್ಮ ತಲೆಮಾರಿನ ಅರ್ಧ ಊರಿನ ಕಥೆ ಇದು. ಜಾತಕ ಬರೆಯುವವರಿಗೆ ಇದು ಗೊತ್ತಿರಬೇಡವೇ? ನಕ್ಷತ್ರ ಯಾವುದು ಎಂದು ಒಮ್ಮೆ ಕೇಳಿದ್ದರೆ ಅಮ್ಮ ನಿದ್ದೆಯಲ್ಲಿಯೂ ಅನುರಾಧಾ ಎನ್ನುತ್ತಿದ್ದರು. ಕೇಳಲಿಲ್ಲ. ಯಾರೂ ಹುಟ್ಟದ ಒಂದು ದಿನಕ್ಕೆ ಕುಂಡಲಿ ಹಾಕಿ, ಅದರಲ್ಲಿ ನನ್ನ ಭಯ, ನನ್ನ ಆಟಿಸಂ, ಅಮ್ಮನ ಪಾಪ, ನಾಗಬನ, ರಕ್ತ, ಎಲ್ಲವನ್ನೂ ಕಂಡುಬಿಟ್ಟಿದ್ದರು. ಆ ಕಾಗದ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ನನಗೆ ಬಂದ ಸಿಟ್ಟು, ನಾಚಿಕೆ, ಹೇಳಲು ಬರುವುದಿಲ್ಲ. ಅಮ್ಮನಿಗೆ ತೋರಿಸಿದೆ. ‘ಜೋಯಿಸರಿಗೆ ಒಮ್ಮೆ ಫೋನ್ ಮಾಡು, ಏನಾದರೂ ಕಾರಣ ಇರಬಹುದು’ ಎಂದರು.

ಫೋನ್ ಮಾಡಿದೆ. ಮೊದಲ ಉತ್ತರ: ‘ದಿನಾಂಕ ತಪ್ಪಾದದ್ದೇ ರಾಹುವಿನ ಕೆಲಸ. ನೋಡಿ, ಆಧಾರಿನಲ್ಲಿಯೂ ಕೈಯಾಡಿಸಿದ್ದಾನೆ.’

ಎರಡನೆಯ ಉತ್ತರ, ನಾನು ಬಿಡದೆ ಕೇಳಿದ ಮೇಲೆ: ‘ಜಾತಕ ಒಂದು ನೆಪ ತಂಗೀ, ಕವಡೆ ಹೇಳುವುದು ಮುಖ್ಯ.’ ನಾಲ್ಕನೆಯ ಮನೆ, ಮೀನ ರಾಶಿ, ಸಾಡೇಸಾತಿ ಎಂದು ಹೇಳಿದ್ದು ಕವಡೆಯೇ ಹಾಗಾದರೆ?

ಆಮೇಲೆ ಸರಿಯಾದ ದಿನಾಂಕ ಕಳುಹಿಸಲು ಹೇಳಿದರು. ಕಳುಹಿಸಿದೆ. ಸಂಜೆಯೊಳಗೆ ಧ್ವನಿ ಸಂದೇಶ. ರಾಹು ಈಗ ಎಂಟನೆಯ ಮನೆಗೆ ಹೋಗಿದ್ದ. ಎಂಟು ಎಂದರೆ ಮೃತ್ಯುಸ್ಥಾನ, ಮೊದಲಿಗಿಂತ ಗಂಭೀರ. ಸಾಡೇಸಾತಿ ಹೋಗಿ ಪಂಚಮ ಶನಿ ಬಂದಿದ್ದ. ಹಾಗಾಗಿ ಮೃತ್ಯುಂಜಯ ಹೋಮ ಸೇರಿಸಬೇಕು, ಒಟ್ಟು 27,000. ಜಾತಕ ಪೂರ್ತಿ ಬದಲಾಯಿತು, ಗ್ರಹಗಳು ಮನೆ ಬದಲಿಸಿದವು, ರಾಶಿ ಬದಲಾಯಿತು, ಬದಲಾಗದೆ ಉಳಿದದ್ದು ವೃಶ್ಚಿಕ ಮಾಸದ ರಕ್ತ ಮಾತ್ರ. ಹಾಂ, ದರವೂ ಬದಲಾಯಿತು, ಮೇಲಕ್ಕೆ.

ಶನಿಯ ಲೆಕ್ಕವನ್ನು ಆಮೇಲೆ ನಾನೇ ಕುಳಿತು ನೋಡಿದೆ. ಲೆಕ್ಕ ನನಗೆ ಬರುತ್ತದೆ, ಹೊಟ್ಟೆಪಾಡೇ ಅದು. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರರಲ್ಲಿ ಶನಿ ಇದ್ದಾಗ ಸಾಡೇಸಾತಿ. ಅಂದರೆ ಹನ್ನೆರಡು ರಾಶಿಗಳಲ್ಲಿ ಮೂರಕ್ಕೆ ಅದು ಯಾವಾಗಲೂ ಇದ್ದೇ ಇರುತ್ತದೆ. 2025ರ ಮಾರ್ಚ್ ಕೊನೆಗೆ ಶನಿ ಮೀನಕ್ಕೆ ಬಂದ ಮೇಲೆ ಕುಂಭ, ಮೀನ, ಮೇಷದವರಿಗೆ. ಇದರ ಜೊತೆ ಪಂಚಮ ಶನಿ, ಅಷ್ಟಮ ಶನಿ ಸೇರಿಸಿ. ರಾಹು ದಶೆಯೊಂದೇ ಹದಿನೆಂಟು ವರ್ಷ. ಇಷ್ಟು ಬಲೆ ಹರಡಿದ ಮೇಲೆ ಯಾರು ತಪ್ಪಿಸಿಕೊಳ್ಳಬಲ್ಲರು?

ಹಣ ವಾಪಸು ಕೇಳಿದೆ. ‘ಸಂಕಲ್ಪ ಆಗಿದೆ. ದೇವರಿಗೆ ಕೊಟ್ಟದ್ದನ್ನು ಹಿಂದೆ ಕೇಳಿದರೆ ಅದರ ದೋಷ ಬೇರೆ ಬರುತ್ತದೆ.’ ದೇವರ ಗೂಗಲ್ ಪೇ ನಂಬರಿಗೆ ಕಳುಹಿಸಿರಲಿಲ್ಲ, ನಿಮ್ಮ ನಂಬರಿಗೆ ಕಳುಹಿಸಿದ್ದು ಎಂದೆ. ಆಗ ಬಂದ ಉತ್ತರವನ್ನು ಇಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ: ‘ನಿಮಗೆ ಆಟಿಸಂ ಇದೆಯಲ್ಲ, ನಿಮಗೆ ಇದೆಲ್ಲ ಅರ್ಥ ಆಗುವುದಿಲ್ಲ. ಅಮ್ಮನ ಕೈಯಲ್ಲಿ ಫೋನ್ ಕೊಡಿ.’

ಡಾಕ್ಟರು ಹಣ ಮಾಡಲು ಇಟ್ಟ ಹೆಸರು ಎಂದದ್ದು ಇದೇ ಬಾಯಿ. ಪರಿಹಾರ ಮಾರುವಾಗ ಆಟಿಸಂ ಸುಳ್ಳು, ಹಣ ಕೇಳಿದಾಗ ಆಟಿಸಂ ನಿಜ. ಆ ಧ್ವನಿ ಸಂದೇಶ ನನ್ನ ಬಳಿ ಇದೆ, ಅಳಿಸಿಲ್ಲ. ಮರುದಿನ ನನ್ನ ನಂಬರನ್ನು ಬ್ಲಾಕ್ ಮಾಡಿದರು. ಅಮ್ಮನ ನಂಬರನ್ನು ಮಾಡಿಲ್ಲ, ಗಮನಿಸಿ.

ಠಾಣೆಯಲ್ಲಿ ವಿಚಾರಿಸಿದರೆ ‘ನೀವಾಗಿಯೇ ಕೊಟ್ಟದ್ದಲ್ಲವೇ’ ಎಂದರು. ಗಡಿಯ ಆಚೆ ಕರ್ನಾಟಕದಲ್ಲಿ ಅಮಾನವೀಯ ಆಚರಣೆ, ವಾಮಾಚಾರಗಳ ವಿರುದ್ಧ 2017ರ ಕಾಯಿದೆ ಇದೆ. ಅದು ಕೂಡ ಜ್ಯೋತಿಷ್ಯ ಹೇಳುವುದನ್ನು ನಿಷೇಧಿಸಿಲ್ಲ. ಈಚೆ ಕೇರಳದಲ್ಲಿ ಅಷ್ಟೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಹೆಸರು ಹಿಡಿದು ಇದೆ, ಆದರೆ ಅದನ್ನು ಸರ್ಪಶಾಪ ಎಂದು ಮಾರಿದವರನ್ನು ಹಿಡಿಯುವುದು ಹೇಗೆ ಎಂದು ನನಗೆ ಯಾರೂ ಹೇಳಲಿಲ್ಲ.

ನಿಮಗೆ ಹೇಳುವುದು ಇಷ್ಟು. ಯಾರಿಗೂ ಆಧಾರಿನ ಫೋಟೊ ಕಳುಹಿಸಬೇಡಿ. ಅರ್ಜಿಯಲ್ಲಿ ಸಮಸ್ಯೆ ಬರೆಯಿರಿ ಎಂದರೆ ಖಾಲಿ ಬಿಡಿ, ಕವಡೆಯೇ ಹೇಳಲಿ. ಹೋಗಲೇಬೇಕೆಂದು ಮನೆಯಲ್ಲಿ ಹಟ ಹಿಡಿದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಚಿಕಿತ್ಸೆ ನಿಲ್ಲಿಸಿ ಎಂದವರ ಮುಂದಿನಿಂದ ಆ ಕ್ಷಣವೇ ಎದ್ದು ಬನ್ನಿ, ದಕ್ಷಿಣೆ ಹೋದರೆ ಹೋಗಲಿ. ಮಂಗಳೂರಿಗೆ ಹೋಗಲು ಆಗದವರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416, ದುಡ್ಡು ಕೊಡಬೇಕಾಗಿಲ್ಲ. ಗೇರಿನ ರಗಳೆ ಇಲ್ಲದ ಆಟೊಮ್ಯಾಟಿಕ್ ಕಾರು ಸಿಕ್ಕರೆ ತಲೆಗೆ ಒಂದು ಕೆಲಸ ಕಡಿಮೆ. ನನಗೆ ಇದನ್ನು ಹೇಳಿದ್ದು ಸೈಕಾಲಜಿಸ್ಟ್, ರಾಹು ಅಲ್ಲ.

ವೃಶ್ಚಿಕ ಮಾಸ ಮುಗಿದ ವಾರ ಚಿಕ್ಕಮ್ಮನ ಮೂಲಕ ಒಂದು ಮಾತು ಬಂತು. ‘ಏನೂ ಆಗಲಿಲ್ಲವಲ್ಲ? ಅದು ನಾನು ಮಾಡಿದ ಸಂಕಲ್ಪದ ಫಲ. ಬಾಕಿ 8,500 ಕೊಡಲಿಕ್ಕೆ ಹೇಳಿ’ ಎಂದಿದ್ದಾರಂತೆ. ಆ ತಿಂಗಳು ಪೂರ್ತಿ ನಾನು ಬಸ್ಸಿನಲ್ಲಿ ಹೋಗಿದ್ದೆ, ಏನಾಗಲು ಸಾಧ್ಯ? ಬಾಕಿ ಕೇಳುವುದಾದರೆ ನನ್ನ ನಂಬರನ್ನು ಅನ್‌ಬ್ಲಾಕ್ ಮಾಡಿ ನನ್ನನ್ನೇ ಕೇಳಲಿ ಎಂದು ಚಿಕ್ಕಮ್ಮನ ಕೈಯಲ್ಲಿ ಹೇಳಿ ಕಳುಹಿಸಿದ್ದೇನೆ. ಇದುವರೆಗೆ ಕೇಳಿಲ್ಲ.