ಬಾಡಿಗೆ ರೆಫರಿಗಳು: ಒಬ್ಬರಿಗೆ 5 ಸ್ಟಾರ್, ಇನ್ನೊಬ್ಬರಿಗೆ 2

ನಮ್ಮ ಆಫೀಸಿನ ಸೆವೆನ್ಸ್ (ತಂಡಕ್ಕೆ ಏಳು ಜನ) ಫುಟ್‌ಬಾಲ್ ಟೂರ್ನಿಗೆ ಈ ಸಲ ರೆಫರಿಗಳನ್ನು ಹೊರಗಿನಿಂದ ಕರೆಸಿದೆವು. ಟರ್ಫ್ ಜೊತೆಗೇ ರೆಫರಿಗಳನ್ನೂ ಕೊಡುವ ಬೆಂಗಳೂರಿನ ಒಂದು ಸಣ್ಣ ಸಂಸ್ಥೆ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಸ್ವಲ್ಪ ದೂರೂ ಇದೆ. ಪಂದ್ಯಕ್ಕೆ ಒಬ್ಬರಿಗೆ 500 ರೂಪಾಯಿ, ಅರ್ಧ ಮುಂಗಡ. ಎರಡು ಟರ್ಫ್, ಇಬ್ಬರು ರೆಫರಿ.

ಆಫ್‌ಸೈಡ್ ಇಲ್ಲದ ನಮ್ಮ ಆಟದಲ್ಲಿ ರೆಫರಿಯ ಯೋಗ್ಯತೆ ಗೊತ್ತಾಗುವುದು ಟೈಮ್ ಎಳೆಯುವವರ ಮುಂದೆ. ಒಂದು ಗೋಲ್ ಮುಂದಿದ್ದರೆ ಸಾಕು, ಅಕೌಂಟ್ಸ್ ಟೀಮಿನವರಿಗೆ ಕಾಲೇ ಏಳುವುದಿಲ್ಲ.

ಒಂದನೇ ಟರ್ಫಿನಲ್ಲಿದ್ದವರು ಗೌತಮ್‌ಪುರದವರು, ಪೆಲೆ ಪ್ರತಿಮೆ ನಿಲ್ಲಿಸಿರುವ ಅದೇ ಏರಿಯಾ. ಸೆಮಿಫೈನಲ್ ಮುಗಿಯುವ ಹೊತ್ತಿಗೆ ಅಕೌಂಟ್ಸ್ ಗೋಲಿ, ಅಂದರೆ ಗೋಲ್‌ಕೀಪರ್, ಗೋಲ್ ಕಿಕ್ ಬಿಟ್ಟು ಲೇಸ್ ಕಟ್ಟಲು ಕೂತ. ‘ಸರ್, ಕಾರ್ಡ್ ಕೊಡಿ ಸರ್’ ಅಂತ ಎದುರಿನವರ ಕೂಗಾಟ. ಇವರು ಜೇಬಿಗೆ ಕೈ ಹಾಕಲಿಲ್ಲ. ನಡೆದುಕೊಂಡು ಹೋಗಿ ವಾಚ್ ತೋರಿಸಿ, ‘ನಿಧಾನಕ್ಕೆ ಕಟ್ಕೊ ಗುರು, ಟೈಮ್ ನಿಲ್ಲಿಸಿದೀನಿ’ ಅಂದರು. ಲೇಸ್ ತಕ್ಷಣ ಕಟ್ಟಿ ಮುಗಿಯಿತು.

ಅದಾದ ಸ್ವಲ್ಪ ಹೊತ್ತಿಗೇ ಎದುರಿನವರಿಗೆ ಫ್ರೀ ಕಿಕ್ ಸಿಕ್ಕಿತು. ಹುಡುಗ ಬಾಲ್ ಇಟ್ಟು ಆಗಲೇ ಎಡಗಡೆ ನೋಡಿದ್ದ. ಅಲ್ಲಿ ಅವನ ಟೀಮಿನವನೊಬ್ಬ ಯಾರೂ ಅಡ್ಡವಿಲ್ಲದೆ ಓಡುತ್ತಿದ್ದ. ಅಷ್ಟರಲ್ಲಿ ಡಿಫೆಂಡರ್ ಬಂದು, ಏನೂ ಗೊತ್ತಿಲ್ಲದವನ ಹಾಗೆ ಬಾಲನ್ನು ಪಾದದಿಂದ ಒಂದಡಿ ಆಚೆ ಉರುಳಿಸಿದ. ಬಾಯಿಮಾತಿನ ಎಚ್ಚರಿಕೆ ಕೂಡ ಇಲ್ಲ, ಸೀದಾ ಹಳದಿ ಕಾರ್ಡ್. ‘ಎರಡು ಸೆಕೆಂಡ್ ಅಷ್ಟೇ ಅಲ್ವಾ ಸರ್?’ ‘ಆ ಎರಡು ಸೆಕೆಂಡಲ್ಲೇ ಅವರ ಅಟ್ಯಾಕ್ ಹೋಯ್ತಲ್ಲ!’

ನನಗೆ ಹಿಡಿಸಿದ್ದು ಇದೇ. ಎಷ್ಟು ಹೊತ್ತು ಹೋಯಿತು ಅಂತ ಮಾತ್ರ ಅವರು ಲೆಕ್ಕ ಹಾಕಲಿಲ್ಲ, ಅದರಿಂದ ಯಾರಿಗೆ ಏನು ಕೈತಪ್ಪಿತು ಅಂತ ನೋಡಿದರು. ನಿಯಮವೂ ಹಾಗೇ ಇದೆ. ಆಟ ಮತ್ತೆ ಶುರುವಾಗಲು ಬಿಡದಿದ್ದರೆ ಹಳದಿ ಅಂತ ಫುಟ್‌ಬಾಲಿನ 12ನೇ ನಿಯಮ ಹೇಳುತ್ತದೆ, ಆದರೆ ಇಷ್ಟೇ ಸೆಕೆಂಡ್ ಅಂತ ಗೆರೆ ಎಳೆಯುವುದಿಲ್ಲ. ಬೇಗ ಹೊಡೆಯುವ ಫ್ರೀ ಕಿಕ್ಕಿಗೆ ಬೇಕೆಂದೇ ಅಡ್ಡ ಬಂದವನಿಗೆ ಮಾತ್ರ 13ನೇ ನಿಯಮದಲ್ಲಿ ವಿನಾಯಿತಿಯೇ ಇಲ್ಲ, ಕಾರ್ಡ್ ಕೊಡಲೇಬೇಕು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ, ಎದುರಾಳಿ ಕೇರಳ ಬ್ಲಾಸ್ಟರ್ಸ್‌ನವರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ಕಿನಲ್ಲಿ ಹೊಡೆದ ಗೋಲ್ ನೋಡಿದವರಿಗೆ ಆ ಸೆಕೆಂಡುಗಳ ಬೆಲೆ ಗೊತ್ತು.

ಗೋಲಿ ಬಾಲ್ ಹಿಡಿದು ನಿಂತರೆ 8 ಸೆಕೆಂಡ್ ಅನ್ನುವ 2025ರ ನಿಯಮವನ್ನೂ ಪಾಲಿಸಿದರು. ಕೊನೆಯ ಐದನ್ನು ಕೈ ಎತ್ತಿ ಬೆರಳಲ್ಲಿ ಎಣಿಸುತ್ತಿದ್ದರು. ಮೀರಿದರೆ ಕಾರ್ನರ್, ವಾದವಿಲ್ಲ.

ಇನ್ನು ಎರಡನೇ ಟರ್ಫ್. ಇವರಿಗೆ ನಿಯಮ ಗೊತ್ತು, ಫಿಟ್ ಆಗಿಯೂ ಇದ್ದಾರೆ. ಆದರೆ ಬೆಳಗ್ಗೆ ವಿಸಿಲ್ ಆದಮೇಲೆ ಬಾಲನ್ನು ನೆಟ್ಟಿಗೆ ಒದ್ದವನಿಗೆ ನಕ್ಕು ಸುಮ್ಮನಾದರು. ಮಧ್ಯಾಹ್ನ ಅದನ್ನೇ ಮಾಡಿದವನಿಗೆ ಎರಡನೇ ಹಳದಿ, ಅಂದರೆ ಕೆಂಪು. ಸುಸ್ತಾಗಿತ್ತೋ, ಮಧ್ಯಾಹ್ನದ ಬಿಸಿಲೋ, ಗೊತ್ತಿಲ್ಲ. ಉಳಿದ ಆಟವನ್ನು ಆರೇ ಜನ ಆಡಿದ ಆ ಟೀಮು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲೂ ಇದೇ ಜಗಳ, ಬಿಡಿ. 2024ರ ಆಗಸ್ಟ್ 31ರಂದು ಬ್ರೈಟನ್‌ನ ವೆಲ್ಟ್‌ಮನ್ ಫ್ರೀ ಕಿಕ್ ಹೊಡೆಯಲು ಬಂದಾಗ ಆರ್ಸೆನಲ್‌ನ ಡೆಕ್ಲನ್ ರೈಸ್ ಬಾಲನ್ನು ಸ್ವಲ್ಪ ತಳ್ಳಿ ಎರಡನೇ ಹಳದಿ ಪಡೆದ. ಅದೇ ಪಂದ್ಯದ ಮೊದಲರ್ಧದಲ್ಲಿ ಬ್ರೈಟನ್‌ನ ಜೊವಾವ್ ಪೆಡ್ರೊ ಬಾಲನ್ನು ದೂರ ಒದ್ದಿದ್ದ, ಕಾರ್ಡ್ ಬರಲಿಲ್ಲ. ನನ್ನ ಪ್ರಕಾರ ರೈಸ್‌ಗೆ ಕೊಟ್ಟಿದ್ದು ತಪ್ಪಲ್ಲ. ಪೆಡ್ರೊಗೂ ಕೊಡಬೇಕಿತ್ತು.

ಸಂಸ್ಥೆಯವರಿಗೆ ಒಂದೇ ಮಾತು. ಟಾಸ್ ಹೊತ್ತಲ್ಲೇ ಇಬ್ಬರು ಕ್ಯಾಪ್ಟನ್‌ಗಳನ್ನು ಕರೆದು, ಯಾವುದಕ್ಕೆ ಬಾಯಿಮಾತು, ಯಾವುದಕ್ಕೆ ಕಾರ್ಡ್ ಅಂತ ಹೇಳಿಬಿಡಿ. ಒಂದು ನಿಮಿಷದ ಕೆಲಸ. ಗೌತಮ್‌ಪುರದವರು ಕೇಳದೆಯೇ ಮಾಡಿದರು, ಇನ್ನೊಬ್ಬರು ಮಾಡಲಿಲ್ಲ.

ಬುಕ್ ಮಾಡಬಹುದಾ? ಮಾಡಬಹುದು. ದುಡ್ಡಿಗೆ ಮೋಸವಿಲ್ಲ, ಹೇಳಿದ ಟೈಮಿಗೆ ಬರುತ್ತಾರೆ. ಆದರೆ ಮುಂಗಡ ಕೊಡುವ ಮೊದಲು ಯಾವ ರೆಫರಿಯನ್ನು ಕಳಿಸುತ್ತೀರಿ ಅಂತ ಕೇಳಿ. ಫೈನಲ್‌ಗಾದರೂ ಗೌತಮ್‌ಪುರದವರೇ ಬೇಕು ಅಂತ ಹಟ ಹಿಡಿಯಿರಿ.