ನರೇಗಾ ಹಾಜರಿ ಪಟ್ಟಿ: ಬಾರದವರ ಕೂಲಿ ಯಾರ ಕಿಸೆಯಿಂದ?

ಕಲಬುರಗಿ, ಬೀದರ್, ಯಾದಗಿರಿ ಭಾಗದ ಗ್ರಾಮ ಪಂಚಾಯಿತಿಗಳಲ್ಲಿ ಸಿಗುವ ಉದ್ಯೋಗ ಖಾತ್ರಿ ಸೇವೆಗೆ ಅಂಕ ಕೊಡುವುದಾದರೆ, ಕೆಲಸ ಕೇಳುವ ಹಂತಕ್ಕೆ ಐದಕ್ಕೆ ನಾಲ್ಕು, ಪಟ್ಟಿ ತುಂಬುವ ಹಂತಕ್ಕೆ ಎರಡೇ. 2025-26ರಲ್ಲಿ ಇದ್ದ ಪದ್ಧತಿ ಮತ್ತು ಆಗಿನ ದಿನಕ್ಕೆ ₹370 ಕೂಲಿ ದರವನ್ನು ಇಟ್ಟುಕೊಂಡು ಬರೆದದ್ದಿದು.

ಕೆಲಸ ಕೇಳುವುದು ಸುಲಭ. ಜಾಬ್ ಕಾರ್ಡ್ ಇದ್ದವರು ನಮೂನೆ 6 ತುಂಬಿ ಪಂಚಾಯಿತಿಗೆ ಕೊಟ್ಟರಾಯಿತು. ಗುಂಪಿನ ಪರವಾಗಿ ಅದರ ಮುಂದಾಳು ಕಾಯಕ ಬಂಧುವೂ ಕೊಡಬಹುದು. ತಾರೀಖು ಹಾಕಿದ ರಸೀದಿ ಮಾತ್ರ ಬಿಡಬೇಡಿ. ಹದಿನೈದು ದಿನದೊಳಗೆ ಕೆಲಸ ಸಿಗದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗ, ನಂತರ ಅರ್ಧ ಭಾಗ ನಿರುದ್ಯೋಗ ಭತ್ಯೆ ಕೇಳುವ ಹಕ್ಕಿದೆ. ರಸೀದಿ ಇಲ್ಲದಿದ್ದರೆ ಆ ಹಕ್ಕಿಗೆ ಆಧಾರವೇ ಇಲ್ಲ. ಬಾಯಿ ಮಾತಲ್ಲಿ ‘ಹೆಸರು ಬರ್ಕೊಂಡೀನಿ, ಹೋಗ್ರಿ’ ಅಂದರೆ ಅದು ಅರ್ಜಿಯಲ್ಲ.

ತೊಡಕು ಶುರುವಾಗುವುದು ಎನ್‌ಎಂಆರ್ ಹೊರಬಿದ್ದ ಮೇಲೆ. ಈ ಹಾಜರಿ ಪಟ್ಟಿ ಬರುವಾಗಲೇ ಹೆಸರು ಅಚ್ಚಾಗಿರುತ್ತದೆ. ಬಾರದವರ ಜಾಗಕ್ಕೆ ಕೆಲಸದ ಸ್ಥಳದಲ್ಲೇ ಇನ್ನೊಬ್ಬರ ಹೆಸರು ಸೇರಿಸಲು ಬರುವುದಿಲ್ಲ. ಈ ಭಾಗದಲ್ಲಿ ಹೀಗೆ ಜಾಗ ಖಾಲಿ ಬೀಳುವುದು ಸಾಮಾನ್ಯ. ಹತ್ತಿ ಬಿಡಿಸುವುದು, ತೊಗರಿ ರಾಶಿ ಮುಗಿಯುತ್ತಿದ್ದಂತೆ ಗುಂಪಾಗಿ ಅರ್ಜಿ ಹಾಕಿರುತ್ತಾರೆ, ಪಟ್ಟಿ ಬರುವಷ್ಟರಲ್ಲಿ ಅರ್ಧ ತಾಂಡಾ ಪುಣೆಗೋ ಹೈದರಾಬಾದಿಗೋ ಗುಳೆ ಹೋಗಿರುತ್ತದೆ.

ಖಾಲಿ ಬಿದ್ದ ಜಾಗದಿಂದ ನಷ್ಟವಿಲ್ಲ. ಖಾಲಿ ಜಾಗಕ್ಕೆ ಹಾಜರಿ ಹಾಕಿದರೆ ನಷ್ಟ. ನರೇಗಾದಲ್ಲಿ ಕೂಲಿ ಬರುವುದು ಅಗೆದ ಮಣ್ಣಿನ ಅಳತೆಯ ಮೇಲೆ. ಅಳತೆಯಿಂದ ಬಂದ ಒಟ್ಟು ಮೊತ್ತವನ್ನು ಪಟ್ಟಿಯ ಒಟ್ಟು ಹಾಜರಿ ದಿನಗಳಿಗೆ ಹಂಚುತ್ತಾರೆ. ಹೊಂಡ ತೋಡುವ ಒಂದು ಕೆಲಸಕ್ಕೆ 24 ಹೆಸರು, ಆರು ದಿನ ಎಂದಿಟ್ಟುಕೊಳ್ಳಿ. ನಿಜವಾಗಿ ಬಂದವರು 20 ಮಂದಿ, 120 ದಿನದ ಕೆಲಸ, ಮೊತ್ತ ₹44,400. ಬಾರದ ನಾಲ್ವರಿಗೂ ಹಾಜರಿ ಬಿದ್ದರೆ ಅದೇ ಮೊತ್ತ 144ಕ್ಕೆ ಹಂಚಿಕೆಯಾಗಿ ದಿನದ ಕೂಲಿ ₹308ಕ್ಕೆ ಇಳಿಯುತ್ತದೆ. ಆರು ದಿನ ಬಿಸಿಲಲ್ಲಿ ಗುದ್ದಲಿ ಹಿಡಿದವರ ಪೂರ್ತಿ ಒಂದು ದಿನದ ಕೂಲಿ ಹೋಯಿತು. ಅದಕ್ಕೇ ‘ಪಾಪ, ಅವರದೂ ಹಾಕಿಬಿಡು’ ಎನ್ನುವ ದಾಕ್ಷಿಣ್ಯ ದುಬಾರಿ.

ಇದನ್ನು ತಡೆಯಲೆಂದೇ 2023ರ ಜನವರಿಯಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು, ಹಾಜರಿ ದಾಖಲಿಸುವ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಕಡ್ಡಾಯ. ತೊಂದರೆಯೆಂದರೆ ಫೋಟೊದಲ್ಲಿ ತಲೆ ಎಣಿಸುವವರು ಬೇಕಲ್ಲ. ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಕಾಯಕ ಬಂಧು ಹಿಂದಿನ ರಾತ್ರಿಯೇ ಪಟ್ಟಿಯನ್ನು ಫೋನಿಗೆ ಇಳಿಸಿಕೊಳ್ಳಬೇಕು. ಫೋಟೊ ನೆಟ್ ಇಲ್ಲದೆಯೂ ತೆಗೆಯಬಹುದು, ನಂತರ ಏರಿಸಬಹುದು. ಎರಡನೇ ಫೋಟೊ ತಪ್ಪಿದರೆ ಆ ದಿನದ ಕೂಲಿಯೇ ಕೈತಪ್ಪಬಹುದು, ಹಾಗಾಗಿ ಬೇಗ ಕೆಲಸ ಮುಗಿಸಿದವರೂ ಎರಡನೇ ಫೋಟೊ ಆಗುವವರೆಗೆ ಮನೆಗೆ ಹೋಗಬಾರದು.

ಅಳತೆಯಲ್ಲೂ ಕೂಲಿ ಸೋರುತ್ತದೆ. ಹೊಂಡದ ನಡುವೆ ಆಳ ತೋರಿಸಲು ಬಿಟ್ಟ ಮಣ್ಣಿನ ದಿಬ್ಬವನ್ನು ತಾಂತ್ರಿಕ ಸಹಾಯಕರು ಬಂದು ಎಂಬಿ (ಅಳತೆ) ಪುಸ್ತಕದಲ್ಲಿ ಬರೆಯುವವರೆಗೂ ಕೆಡವಬೇಡಿ. ಎರೆಭೂಮಿಯಲ್ಲಿ ಒಂದು ಮಳೆ ಬಿದ್ದರೆ ಬದಿ ಕುಸಿದು ಆಳ ಕಮ್ಮಿ ತೋರುತ್ತದೆ, ಆದ್ದರಿಂದ ಮುಂಗಾರಿನ ಮುನ್ನ ಅಳತೆಗೆ ಒತ್ತಾಯಿಸಿ. ಬೇಸಿಗೆಯಲ್ಲಿ ಕಲಬುರಗಿ ವಿಭಾಗಕ್ಕೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ (ಅದೇ ಕೂಲಿಗೆ ಕಮ್ಮಿ ಅಗೆತ) ಕೊಡುವ ಪರಿಪಾಠವಿದೆ. ಆ ಆದೇಶ ಬಂದಿದೆಯೇ ಎಂದು ಕೇಳಿಯೇ ಅಳತೆಗೆ ಒಪ್ಪಿ.

ಹಣ ಪಾವತಿ ಪರವಾಗಿಲ್ಲ. 2024ರ ಜನವರಿಯಿಂದ ಕೂಲಿ ಆಧಾರ್ ಮೂಲಕವೇ ಬರುತ್ತದೆ, ಅಂದರೆ ಜಾಬ್ ಕಾರ್ಡಿನಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಗುಳೆ ಹೋದಲ್ಲಿ ಹೊಸ ಖಾತೆ ತೆರೆದವರ ಕೂಲಿ ಅಲ್ಲಿಗೆ ಹೋಗಿ ಕೂತಿರುತ್ತದೆ, ಇಲ್ಲಿ ಪಂಚಾಯಿತಿಯವರ ಜೊತೆ ಜಗಳ. ಮೊದಲು ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಜೋಡಣೆ) ಯಾವ ಖಾತೆಗಿದೆ ಎಂದು ವಿಚಾರಿಸಿ. ಪಟ್ಟಿ ಮುಗಿದ ಹದಿನೈದು ದಿನದ ನಂತರವೂ ಕೂಲಿ ಬಾರದಿದ್ದರೆ ದಿನಕ್ಕೆ ಶೇ 0.05 ಪರಿಹಾರವಿದೆ, ₹370ಕ್ಕೆ ಇಪ್ಪತ್ತು ಪೈಸೆಯೂ ಆಗದು. ಚಹಾಕ್ಕೂ ಸಾಲದ ಪರಿಹಾರ.

ಇನ್ನು ಖಾಲಿ ಜಾಗದ ಮದ್ದು. ಆರು ದಿನದ ಪಟ್ಟಿಯನ್ನೇ ಕೇಳಿ, ಹದಿನಾಲ್ಕು ದಿನದ್ದಲ್ಲ. ವಾರಕ್ಕೊಮ್ಮೆ ಹೊಸ ಹೆಸರು ಸೇರಿಸಲು ಅವಕಾಶ ಸಿಗುತ್ತದೆ. ಅರ್ಜಿ ಕೊಡುವ ಹಿಂದಿನ ದಿನ ಕಾಯಕ ಬಂಧು ಮನೆಮನೆಗೆ ಹೋಗಿ ಯಾರು ಊರಲ್ಲಿದ್ದಾರೆ ಎಂದು ನೋಡಬೇಕು. ಪಟ್ಟಿ ಮುಗಿಯುವ ದಿನ ಹಾಜರಿಯನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿಸಿ. ಬಾರದವರ ಹೆಸರಿನ ಮುಂದೆ ಗೈರುಹಾಜರಿ ಬಿದ್ದಿರುವುದನ್ನು ಕಣ್ಣಾರೆ ನೋಡಿಯೇ ಸಹಿ ಮಾಡಿ.