ಕಾಲಿನ ಉಗುರನ್ನು ಪೂರ್ತಿ ಕೀಳಿಸಿಕೊಳ್ಳುವ ಮುನ್ನ

ನಿನ್ನೆ ಪಕ್ಕದ ತೋಟದವರು ಫೋನ್ ಮಾಡಿ, "ಕಾಲಿನ ಬೆರಳು ಕೀವಾದಾಗ ನೀವು ಹಚ್ಚುತ್ತಿದ್ದಿರಲ್ಲ, ಆ ಮುಲಾಮಿನ ಹೆಸರು ಹೇಳಿ" ಎಂದರು. ನಾನು ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಇಲ್ಲಿಯೂ ಬರೆಯುತ್ತಿದ್ದೇನೆ. ಕಾಲಿನ ಉಗುರು ಪಕ್ಕದ ಮಾಂಸಕ್ಕೆ ನಾಟಿ ಕೀವಾಗುವ ಈ ತೊಂದರೆ, ನಮ್ಮ ಮೂಡಿಗೆರೆ ಕಡೆ ಮಳೆಗಾಲವಿಡೀ ಗಂಬೂಟಿನಲ್ಲಿ ಕಾಲಿಟ್ಟು ದುಡಿಯುವವರಲ್ಲಿ ಯಾರಿಗೆ ಬೇಕಾದರೂ ಬರಬಹುದು.

ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಬಲಗಾಲಿನ ಹೆಬ್ಬೆರಳಿನ ಉಗುರು ಒಂದು ಮೂಲೆಯಲ್ಲಿ ಚುಚ್ಚುತ್ತಿತ್ತು. ನೆನೆದು ಮೆತ್ತಗಾಗಿದ್ದ ಆ ಮೂಲೆಯನ್ನು ಬ್ಲೇಡಿನಿಂದ ಆಳಕ್ಕೆ ಕೊರೆದು ಕಿತ್ತೆ. ಎರಡು ದಿನ ಹಾಯೆನಿಸಿತು. ಮೂರನೆಯ ವಾರಕ್ಕೆ ಬೆರಳು ಕೆಂಪಗೆ ಊದಿಕೊಂಡು, ರಾತ್ರಿ ಕಂಬಳಿ ತಾಗಿದರೂ ಜೀವ ಹೋದಂತಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ಉಗುರುಸುತ್ತು ಎಂದರು. ನಿಂಬೆಹಣ್ಣು ಕೊರೆದು ಬೆರಳಿಗೆ ತೊಡಿಸಿದ್ದೂ ಆಯಿತು. ಮೆಡಿಕಲ್ ಅಂಗಡಿಯಲ್ಲಿ ಐದು ದಿನದ ಮಾತ್ರೆ, ಜೊತೆಗೊಂದು ಮುಲಾಮು ಕೊಟ್ಟರು. ಕೀವು ಒಣಗಿತು, ತಿಂಗಳಾಗುವುದರೊಳಗೆ ಮತ್ತೆ ಬಂತು. ಹೀಗೆ ಮೂರು ಸಲ. ಅಷ್ಟರಲ್ಲಿ ಉಗುರಿನ ಪಕ್ಕ ಹಸಿ ಮಾಂಸ ಬೆಳೆದು, ಕಾಲುಚೀಲ ಎಳೆದರೆ ರಕ್ತ ಬರುತ್ತಿತ್ತು.

ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಇಡೀ ಉಗುರನ್ನೇ ಕಿತ್ತರು. ಇನ್ನು ಬರುವುದಿಲ್ಲ ಎಂದರು, ನಂಬಿದೆ. ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು ಒಂದು ವರ್ಷಕ್ಕೂ ಹೆಚ್ಚು ಬೇಕು. ಆ ಅವಧಿಯಲ್ಲಿ ತುದಿಯ ಮಾಂಸ ಮೇಲೆದ್ದು ಕುಳಿತಿತ್ತು. ಹೊಸ ಉಗುರು ಮುಂದೆ ಬಂದು ನೇರ ಅದಕ್ಕೇ ನಾಟಿತು. ಮೊದಲಿಗಿಂತ ದಪ್ಪ, ಮೊದಲಿಗಿಂತ ಹೆಚ್ಚು ನೋವು.

ಕೊನೆಗೆ ಬೇಲೂರು ಮೇಲೆ ಹಾಸನಕ್ಕೆ ಹೋಗಿ ಶಸ್ತ್ರಚಿಕಿತ್ಸಕರೊಬ್ಬರನ್ನು ಕಂಡೆ. ಅವರು ನನ್ನ ಮುಲಾಮಿನ ಟ್ಯೂಬನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಬೀಟಾಮೆಥಸೋನ್ ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದರು. ಅದು ಸ್ಟೀರಾಯ್ಡ್. ಕೆಂಪು, ಊತ ಇಳಿದಂತೆ ಕಾಣುತ್ತದೆ, ಆದರೆ ಒಳಗಿನ ಸೋಂಕು ಅದರಿಂದ ಇನ್ನಷ್ಟು ಬೆಳೆಯಬಹುದು. ಮಾಂಸಕ್ಕೆ ನಾಟಿದ ಉಗುರು ಅಲ್ಲೇ ಇರುವಾಗ ಬರೀ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ ಎಂದೂ ಹೇಳಿದರು. ಆ ಮಾತು ಮೊದಲ ತಿಂಗಳೇ ಯಾರಾದರೂ ಹೇಳಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ಬೆರಳಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅದೊಂದೇ ನೋವು. ಪಕ್ಕದ ಅಂಚಿನಷ್ಟೇ ಉಗುರನ್ನು ಬುಡದವರೆಗೆ ಸೀಳಿ ತೆಗೆದು, ಅಲ್ಲಿನ ಬೇರಿಗೆ ಫೀನಾಲ್ ಎಂಬ ಸುಡುವ ರಾಸಾಯನಿಕ ಹಚ್ಚಿದರು. ಬೇರು ಸುಟ್ಟ ಮೇಲೆ ಆ ಪಟ್ಟಿ ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. ತೆಗೆದ ಚೂರನ್ನು ಹತ್ತಿಯ ಮೇಲಿಟ್ಟು ತೋರಿಸಿದರು: ಮಾಂಸದೊಳಗೆ ಹೂತಿದ್ದ ಭಾಗ ನೆನೆದು ಬೆಳ್ಳಗಾಗಿತ್ತು, ಅಂಚು ಗರಗಸದ ಹಲ್ಲಿನಂತಿತ್ತು. ಒಂದು ತಿಂಗಳು ನೀರು ಒಸರಿ ಗಾಯ ಆರಿತು. ಈಗ ಉಗುರು ಸ್ವಲ್ಪ ಕಿರಿದಾಗಿದೆ, ಅಷ್ಟೇ.

ನಿಮಗೆ ಈಗಷ್ಟೇ ಶುರುವಾಗಿದ್ದರೆ ಬ್ಲೇಡು ಮುಟ್ಟಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಇಳಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಬೆರಳ ಸಂದು ಒಣಗಿಸಿ, ಬೆರಳಾಡುವಷ್ಟು ಜಾಗವಿರುವ ಬೂಟು ಹಾಕಿ. ಕೀವು ಕಂಡರೆ, ಅಥವಾ ಎರಡನೆಯ ಸಲ ಬಂದರೆ, ಅಂಗಡಿಗೆ ಹೋಗಬೇಡಿ, ವೈದ್ಯರ ಬಳಿ ಹೋಗಿ. ಇಡೀ ಉಗುರು ಕೀಳೋಣ ಎಂದರೆ, ಅಂಚನ್ನಷ್ಟೇ ತೆಗೆದು ಬೇರಿಗೆ ಔಷಧ ಹಚ್ಚಲು ಆಗುವುದಿಲ್ಲವೇ ಎಂದು ಕೇಳಿ.

ಪಕ್ಕದ ತೋಟದವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಫೋನಿನಲ್ಲಿ ಅವರು, "ಕೀವಿದೆ, ಆದರೆ ನೋವೇನೂ ಇಲ್ಲ ಮಾರಾಯರೆ" ಎಂದಾಗ ನನಗೆ ಎದೆ ಧಸಕ್ಕೆಂದಿತು. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸೋತರೆ ನೋವು ತಿಳಿಯುವುದಿಲ್ಲ, ಸೋಂಕು ಸದ್ದಿಲ್ಲದೆ ಮೂಳೆಗೆ ಇಳಿಯಬಹುದು. ನಾಳೆ ಬೆಳಗಿನ ಮೊದಲ ಬಸ್ಸಿಗೆ ಅವರನ್ನು ನಾನೇ ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.